ಮಹಾಸೌಧಗಳಿಗೂ ವಿದ್ಯುತ್ತಿನ ಲೆಕ್ಕ ಬೇಕು

ಆಯವ್ಯಯದ ಲೆಕ್ಕವಿಡದ ಮನೆತನ ಬಹುಕಾಲ ಬಾಳದೆಂಬುದು ಹಿರಿಯರ ಅನುಭವ. ಧನಧಾನ್ಯಗಳಿಗೆ ಸಲ್ಲುತ್ತಿದ್ದ ಈ ಮಾತು ಇಂದು ವಿದ್ಯುತ್ತಿಗೂ ಸಲ್ಲಬೇಕಾಗಿದೆ. ನಗರಗಳಲ್ಲಿ ದಿನೇ ದಿನೇ ತಲೆಯೆತ್ತುತ್ತಿರುವ ಮಹಾಸೌಧಗಳು ವರ್ಷಕ್ಕೆ ಎಷ್ಟು ವಿದ್ಯುತ್ತನ್ನು ಬಳಸುತ್ತವೆ, ಅದರಲ್ಲಿ ಸದ್ವಿನಿಯೋಗವಾದುದೆಷ್ಟು, ವ್ಯರ್ಥವಾದುದೆಷ್ಟು ಎಂಬುದನ್ನು ಸಮಾಜಕ್ಕೆ ಒಪ್ಪಿಸಬೇಕೆ ಬೇಡವೆ? ಇದು ಕೇವಲ ಎಂಜಿನಿಯರುಗಳ ಜಿಜ್ಞಾಸೆಯಲ್ಲ, ನ್ಯಾಯದ ಪ್ರಶ್ನೆ.

1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು 2007ರವರೆಗೆ ಅದೇ ಕೋಲಾರ ಜಿಲ್ಲೆಯ ಅಂಗಗಳಾಗಿದ್ದರೂ ಇಲ್ಲಿಯ ಹಳ್ಳಿಗಳು ಬೆಳಕಿಗಾಗಿ ಬಹುಕಾಲ ಕಾಯಬೇಕಾಯಿತು. ಆ ಕಾಯುವಿಕೆ ಇನ್ನೂ ಮುಗಿದಿಲ್ಲ. ನದಿಯ ನೀರಾವರಿಯಿಲ್ಲದ ಈ ಬಯಲುಸೀಮೆಯಲ್ಲಿ ಸಾವಿರ ಅಡಿಯನ್ನೂ ಮೀರಿದ ಕೊಳವೆಬಾವಿಗಳಿಂದ ನೀರೆತ್ತಲು, ಮೂರು ಫೇಸಿನ ವಿದ್ಯುತ್ತಿಗಾಗಿ ರಾತ್ರಿ ತೋಟಕ್ಕೆ ನಡೆವ ರೈತರುಂಟು. ಕರೆಂಟು ಹೋದರೆ ಶಿಡ್ಲಘಟ್ಟದ ಬಿಚ್ಚಾಣಿಕೆದಾರನ ನೂಲಿನ ರಾಟೆ ನಿಲ್ಲುತ್ತದೆ. ಅದೇ ಹೊತ್ತಿನಲ್ಲಿ ರಾಜಧಾನಿಯ ಗಾಜಿನ ಸೌಧವೊಂದು ಜನರಿಲ್ಲದ ಕೊಠಡಿಗಳನ್ನು ತಂಪಾಗಿಸುತ್ತಿದ್ದರೆ ಅದನ್ನು ಕೇಳುವವರಾರು?

ಶಾಸನವಿಲ್ಲವೆಂದಲ್ಲ. 2001ರ ಇಂಧನ ಸಂರಕ್ಷಣಾ ಅಧಿನಿಯಮವು ಗೊತ್ತುಪಡಿಸಿದ ದೊಡ್ಡ ಬಳಕೆದಾರರು ತಮ್ಮ ಬಳಕೆಯ ವಿವರವನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ವಿಧಿಸುತ್ತದೆ. 2007ರಲ್ಲಿ ವಾಣಿಜ್ಯ ಕಟ್ಟಡಗಳಿಗಾಗಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಹೊರಬಂದಿತು. 100 ಕಿಲೋವ್ಯಾಟ್ ಅಥವಾ ಅದಕ್ಕೂ ಮಿಗಿಲಾದ ವಿದ್ಯುತ್ ಹೊರೆಯ ಕಟ್ಟಡಗಳು ಅದರ ವ್ಯಾಪ್ತಿಯವು. 2022ರ ತಿದ್ದುಪಡಿಯು ದೊಡ್ಡ ವಸತಿ ಸಮುಚ್ಚಯಗಳನ್ನೂ ಒಳಗೊಳ್ಳಲು ದಾರಿ ತೆರೆಯಿತು. ಕರ್ನಾಟಕದಲ್ಲಿ ಈ ಕಾರ್ಯದ ಹೊಣೆ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತದ್ದು. ಆದರೆ ಸಂಹಿತೆ ಮುಖ್ಯವಾಗಿ ಹೊಸದಾಗಿ ಕಟ್ಟುವವುಗಳನ್ನು ಕುರಿತದ್ದು. ಕಟ್ಟಡಗಳಿಗೆ ನಕ್ಷತ್ರದ ದರ್ಜೆ ನೀಡುವ ಪದ್ಧತಿ 2009ರಲ್ಲಿ ಆರಂಭವಾದರೂ ಅದನ್ನು ಮಾಲೀಕರ ಇಚ್ಛೆಗೆ ಬಿಡಲಾಯಿತು. ಒಳ್ಳೆಯ ಅಂಕ ಬರುವವನು ಮಾತ್ರ ಪರೀಕ್ಷೆಗೆ ಕುಳಿತರೆ ತರಗತಿಯ ಮಟ್ಟ ತಿಳಿಯುವುದೆಂತು?

ಲೆಕ್ಕದ ವಿಧಾನ ಕಠಿಣವಾದುದಲ್ಲ. ವರ್ಷಕ್ಕೆ ಬಳಸಿದ ಯೂನಿಟ್ಟುಗಳನ್ನು ಕಟ್ಟಡದ ಚದರ ಮೀಟರುಗಳಿಂದ ಭಾಗಿಸಿದರಾಯಿತು. 10,000 ಚದರ ಮೀಟರಿನ ಕಚೇರಿಯೊಂದು 15 ಲಕ್ಷ ಯೂನಿಟ್ ಬಳಸಿತೆಂದರೆ ಚದರ ಮೀಟರಿಗೆ 150 ಯೂನಿಟ್. ಅಷ್ಟೇ ವಿಸ್ತಾರದ, ಅದೇ ಬಗೆಯ ನೆರೆಯ ಕಚೇರಿಗೆ 100 ಸಾಕಾದರೆ ಮಿಕ್ಕ 50 ಎಲ್ಲಿ ಹೋಯಿತೆಂದು ವಿಚಾರಿಸಲು ಆಧಾರ ದೊರೆಯುತ್ತದೆ. ಪಶ್ಚಿಮದ ಬಿಸಿಲಿಗೊಡ್ಡಿದ ಗಾಜು, ನೆರಳಿಲ್ಲದ ತಾರಸಿ, ಅಗತ್ಯ ಮೀರಿದ ಶೀತ ಇವೇ ಬಹುತೇಕ ಕಾರಣಗಳಾಗಿರುತ್ತವೆ. ದಪ್ಪ ಗೋಡೆ, ಪಡಸಾಲೆ, ತೊಟ್ಟಿಗಳನ್ನಿರಿಸಿ ಕಟ್ಟಿದ ಹಳೆಯ ಮನೆಗಳಿಗೆ ಈ ವಿವೇಕ ಹೊಸದಲ್ಲ.

ಲೆಕ್ಕವನ್ನು ಬಹಿರಂಗಪಡಿಸಿದರೆ ವ್ಯಾಪಾರದ ಗುಟ್ಟು ಬಯಲಾದೀತೆಂದು ಕೆಲವರು ಅಂಜುವರು. ನ್ಯೂಯಾರ್ಕ್ ನಗರವು 2009ರಲ್ಲಿಯೇ ದೊಡ್ಡ ಕಟ್ಟಡಗಳ ಬಳಕೆಯನ್ನು ವರ್ಷವರ್ಷವೂ ವರದಿ ಮಾಡಿಸಿ ಪ್ರಕಟಿಸುವ ಕಾನೂನನ್ನು ತಂದಿತು. ಅಲ್ಲಿಯ ವಾಣಿಜ್ಯವೇನೂ ಅದರಿಂದ ನಿಲ್ಲಲಿಲ್ಲ. ರೈತರ ಪಂಪ್‌ಸೆಟ್ಟುಗಳಿಗೆ ಲೆಕ್ಕವಿಲ್ಲದಿರುವಾಗ ತಮಗೇಕೆ ಈ ಕಟ್ಟಳೆ ಎಂಬುದು ಮತ್ತೊಂದು ಆಕ್ಷೇಪ. ಇದನ್ನು ಸುಮ್ಮನೆ ತಳ್ಳಿಹಾಕಲಾಗದು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿನ ಹಣವನ್ನು ಸರ್ಕಾರವೇ ಭರಿಸುವುದು ಯೋಗ್ಯವೇ ಸರಿ. ಆದರೆ ಅಲ್ಲಿಯೂ ಮೀಟರು ಇರಲಿ. ಲೆಕ್ಕವಿಡುವುದು ಬೇರೆ, ಹಣ ಕೇಳುವುದು ಬೇರೆ. ಆದರೆ ರೈತನ ಮೀಟರನ್ನು ನೆಪಮಾಡಿ ಸೌಧದ ವರದಿಯನ್ನು ಮುಂದೂಡುವುದು ಸಲ್ಲದು. ಹೊಟ್ಟೆಪಾಡಿನ ಬಳಕೆಯೂ ವೈಭವದ ಬಳಕೆಯೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು 1934ರಲ್ಲಿಯೇ ದೇಶಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸಿ ಗ್ರಂಥ ಬರೆದರು. ಅಂಕಿಅಂಶಗಳಿಲ್ಲದೆ ಯೋಜನೆಯಿಲ್ಲ, ವರದಿಯಿಲ್ಲದೆ ಅಂಕಿಅಂಶಗಳಿಲ್ಲ. ಈ ವಿದ್ಯಾಲಯದಲ್ಲಿ ಓದಿ ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವವರೂ, ಕಟ್ಟಿಸುವವರೂ, ಅವುಗಳಿಗೆ ಪರವಾನಗಿ ನೀಡುವವರೂ ಆಗಿರುವ ಹಳೆಯ ವಿದ್ಯಾರ್ಥಿಗಳು ಕಾನೂನಿನ ಒತ್ತಾಯಕ್ಕೆ ಕಾಯದೆ ತಂತಮ್ಮ ಸೌಧಗಳ ಲೆಕ್ಕವನ್ನು ಬಾಗಿಲಲ್ಲಿ ತೂಗುಹಾಕಲಿ. ದಾನಿಗಳ ಹಣದಿಂದ ಎದ್ದ ವಿದ್ಯಾಸಂಸ್ಥೆಗಳೂ ತಮ್ಮ ಪಾಠಶಾಲೆ, ವಿದ್ಯಾರ್ಥಿನಿಲಯಗಳ ವಿದ್ಯುತ್ ಬಳಕೆಯನ್ನು ವಾರ್ಷಿಕ ಜಮಾಖರ್ಚಿನೊಡನೆ ಅಚ್ಚುಹಾಕಲಿ. ಹತ್ತನೆಯ ತರಗತಿಯ ಬಾಲಕರಿಗೆ ಆ ಭಾಗಾಕಾರವನ್ನು ಒಪ್ಪಿಸಿದರೆ ಗಣಿತವೂ ನಾಗರಿಕಧರ್ಮವೂ ಒಂದೇ ಪಾಠದಲ್ಲಿ ಬೋಧಿತವಾಗುತ್ತವೆ.