ಸರ್ವರ್‌ನಲ್ಲಿ ‘ಬಗ್’ ಹುಡುಕುವುದು ಹೇಗೆ? ಎರರ್ ಪುಟದ ಸ್ಕ್ರೀನ್‌ಶಾಟ್ ಹಂಚುವ ಮುನ್ನ ಓದಿ

ಪರೀಕ್ಷೆಯ ಫಲಿತಾಂಶ ಬರುವ ದಿನ ಜಾಲತಾಣ ತೆರೆಯುವುದಿಲ್ಲ. ಅರ್ಧ ಗಂಟೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬರುತ್ತದೆ: ‘ಸೈಟ್ ಹ್ಯಾಕ್ ಆಗಿದೆ, ಎಲ್ಲರಿಗೂ ತಿಳಿಸಿ.’ ಜೊತೆಗೆ 500 ಅಥವಾ 503 ಎಂದು ಬರೆದಿರುವ ಒಂದು ಸ್ಕ್ರೀನ್‌ಶಾಟ್. ಇಂಥದ್ದನ್ನು ನೀವೂ ನೋಡಿರುತ್ತೀರಿ, ಬಹುಶಃ ಮುಂದಕ್ಕೂ ಕಳಿಸಿರುತ್ತೀರಿ.

ಆ ಅಂಕಿಗಳಿಗೂ ಹ್ಯಾಕ್‌ಗೂ ನೇರ ಸಂಬಂಧವಿಲ್ಲ. 503 ಎಂದರೆ ಸರ್ವರ್‌ಗೆ ಈಗ ಕೆಲಸ ಮಾಡಲು ಆಗುತ್ತಿಲ್ಲ: ಜನ ಹೆಚ್ಚಾಗಿರಬಹುದು, ರಿಪೇರಿ ನಡೆಯುತ್ತಿರಬಹುದು. 500 ಎಂದರೆ ಸರ್ವರ್‌ನಲ್ಲಿರುವ ಪ್ರೋಗ್ರಾಮ್ ನಿಮ್ಮ ಕೋರಿಕೆಯನ್ನು ಪೂರೈಸುವ ನಡುವೆ ಎಲ್ಲೋ ಎಡವಿತು, ಮುಂದೇನು ಮಾಡಬೇಕೆಂದು ಅದಕ್ಕೆ ತಿಳಿಯಲಿಲ್ಲ. 404 ಅಂದರೆ ನೀವು ಕೇಳಿದ ಪುಟ ಅಲ್ಲಿಲ್ಲ, ಅಷ್ಟೇ. (ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯ 404ನೇ ಕೋಣೆಯಿಂದ ಈ ಸಂಖ್ಯೆ ಬಂತು ಎಂಬ ಕಥೆಯೂ ಓಡಾಡುತ್ತಿದೆ. ವೆಬ್ ಆರಂಭದ ದಿನಗಳಲ್ಲಿ ಅಲ್ಲೇ ಕೆಲಸ ಮಾಡಿದ ರಾಬರ್ಟ್ ಕೈಯೋ ಅದನ್ನು ಕಟ್ಟುಕಥೆ ಎಂದು ತಳ್ಳಿಹಾಕಿದ್ದಾರೆ.)

ಪ್ರೋಗ್ರಾಮ್‌ನಲ್ಲಿರುವ ತಪ್ಪಿಗೆ ‘ಬಗ್’ ಎನ್ನುತ್ತಾರೆ. ಇದರ ಬಗ್ಗೆಯೂ ಒಂದು ಫಾರ್ವರ್ಡ್ ಇದೆ: ಕಂಪ್ಯೂಟರಿನೊಳಗೆ ಹುಳ ಸಿಕ್ಕಿದ್ದರಿಂದಲೇ ಈ ಪದ ಹುಟ್ಟಿತು ಎಂದು. ಅರ್ಧ ಸತ್ಯ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಯಂತ್ರದ ರಿಲೇಯೊಳಗೆ ಒಂದು ಪತಂಗ ಸಿಕ್ಕಿದ್ದು ನಿಜ. ಅದನ್ನು ದಾಖಲೆ ಪುಸ್ತಕದಲ್ಲಿ ಟೇಪ್ ಹಚ್ಚಿ ಅಂಟಿಸಿದರು. ಆ ಪುಟ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆದರೆ ಯಂತ್ರದ ದೋಷಕ್ಕೆ ಬಗ್ ಎನ್ನುವುದು ಎಂಜಿನಿಯರುಗಳಲ್ಲಿ ಅದಕ್ಕೂ ಮೊದಲೇ ಇತ್ತು, 1878ರಲ್ಲೇ ಥಾಮಸ್ ಎಡಿಸನ್ ಪತ್ರವೊಂದರಲ್ಲಿ ಆ ಅರ್ಥದಲ್ಲಿ ಬಳಸಿದ್ದರು. ಪದ ಹಳೆಯದಾಗಿದ್ದರಿಂದಲೇ ಪತಂಗ ಸಿಕ್ಕಾಗ ಎಲ್ಲರಿಗೂ ನಗು ಬಂದದ್ದು.

ಇಂದಿನ ಬಗ್‌ಗಳು ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ಹುಡುಕುವುದು ಹೇಗೆ?

ಒಂದು ಚಿಕ್ಕ ಉದಾಹರಣೆ ನೋಡೋಣ. ಆನ್‌ಲೈನ್ ಅಂಗಡಿಯಲ್ಲಿ 100 ರೂಪಾಯಿಯ ವಸ್ತು, 50 ರೂಪಾಯಿ ಸಾಗಣೆ ವೆಚ್ಚ. ಬಿಲ್ ಮಾತ್ರ 10050 ಎಂದು ಬರುತ್ತದೆ. ಕೋಡ್ ಓದಿದರೆ ಎರಡನ್ನೂ ಕೂಡಿಸು ಎಂದೇ ಬರೆದಿದೆ, ತಪ್ಪು ಕಾಣುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಡೀಬಗರ್ ಎಂಬ ಉಪಕರಣ. ಕೋಡ್‌ನ ಯಾವುದೋ ಒಂದು ಸಾಲಿಗೆ ನಿಲುಗಡೆಯ ಗುರುತು ಹಾಕುತ್ತಾರೆ, ಅದಕ್ಕೆ ಬ್ರೇಕ್‌ಪಾಯಿಂಟ್ ಎಂದು ಹೆಸರು. ಪ್ರೋಗ್ರಾಮ್ ಓಡುತ್ತಾ ಬಂದು ಆ ಸಾಲಿನಲ್ಲಿ ಗಕ್ಕನೆ ನಿಲ್ಲುತ್ತದೆ. ಆ ಕ್ಷಣದಲ್ಲಿ ಅದರ ನೆನಪಿನಲ್ಲಿ ಏನೇನಿದೆ ಎಂದು ನೋಡಬಹುದು, ಬದಲಿಸಬಹುದು, ಒಂದೊಂದೇ ಸಾಲು ಮುಂದೆ ನಡೆಸಬಹುದು. ನಮ್ಮ ಅಂಗಡಿಯ ಬಿಲ್ಲನ್ನು ಹೀಗೆ ನಿಲ್ಲಿಸಿ ನೋಡಿದರೆ ಉತ್ತರ ಎದುರಿಗೇ ಇರುತ್ತದೆ: 100 ಎಂಬುದು ಸಂಖ್ಯೆಯಾಗಿ ಬಂದಿಲ್ಲ, ಬರಹವಾಗಿ ಬಂದಿದೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರಹಕ್ಕೆ ಸಂಖ್ಯೆ ‘ಕೂಡಿಸಿದರೆ’ ಒಂದರ ಪಕ್ಕ ಇನ್ನೊಂದನ್ನು ಅಂಟಿಸುತ್ತದೆ. 100ರ ಪಕ್ಕ 50, ಅಂದರೆ 10050.

ಇಷ್ಟು ಸುಲಭವಾಗಿದ್ದರೆ ಫಲಿತಾಂಶದ ದಿನವೂ ಹೀಗೆಯೇ ನಿಲ್ಲಿಸಿ ನೋಡಬಹುದಲ್ಲ ಎಂದು ನೀವು ಕೇಳಬಹುದು. ತೊಂದರೆ ಇರುವುದು ‘ನಿಲ್ಲಿಸಿ’ ಎಂಬಲ್ಲೇ. ನಿಮ್ಮ ಲ್ಯಾಪ್‌ಟಾಪಿನ ಪ್ರೋಗ್ರಾಮ್ ನಿಂತರೆ ಕಾಯುವವರು ನೀವೊಬ್ಬರೇ. ಸರ್ವರ್‌ನ ಪ್ರೋಗ್ರಾಮ್ ನಿಂತರೆ ಅದರ ಹಿಂದಿರುವ ಸಾವಿರಾರು ಜನರೂ ನಿಲ್ಲುತ್ತಾರೆ. ಉತ್ತರ ಬಾರದೆ ಕಾದು ಬೇಸತ್ತ ಬೇರೆ ಕಂಪ್ಯೂಟರುಗಳು ಇದು ಸತ್ತಿದೆ ಎಂದೇ ತೀರ್ಮಾನಿಸುತ್ತವೆ.

ಇನ್ನೊಂದು ಬಗೆಯ ಬಗ್ ಇದೆ, ಅದು ನೋಡಲು ಹೋದರೆ ಮಾಯವಾಗುತ್ತದೆ. ಬಸ್ಸಿನಲ್ಲಿ ಒಂದೇ ಸೀಟು ಉಳಿದಿದೆ, ಇಬ್ಬರು ಒಂದೇ ಕ್ಷಣಕ್ಕೆ ಬುಕ್ ಮಾಡುತ್ತಾರೆ. ಇಬ್ಬರ ಕೋರಿಕೆಯೂ ‘ಸೀಟು ಇದೆ’ ಎಂದು ಓದಿಕೊಳ್ಳುತ್ತದೆ, ಇಬ್ಬರಿಗೂ ಟಿಕೆಟ್ ಹೋಗುತ್ತದೆ. ಡೀಬಗರ್‌ನಲ್ಲಿ ಒಂದೊಂದೇ ಕೋರಿಕೆ ಕಳಿಸಿ ಸಾಲು ಸಾಲಾಗಿ ನೋಡಿದರೆ ಎಲ್ಲವೂ ಸರಿಯಾಗಿದೆ! ಇಂಥವಕ್ಕೆ ಭೌತವಿಜ್ಞಾನಿ ಹೈಸನ್‌ಬರ್ಗ್ ಹೆಸರಿನಿಂದ ‘ಹೈಸನ್‌ಬಗ್’ ಎಂದು ತಮಾಷೆಯ ಹೆಸರು. ಹಾಗಾಗಿ ಎಂಜಿನಿಯರುಗಳು ಸರ್ವರ್ ತಾನೇ ಬರೆದಿಟ್ಟುಕೊಂಡ ದಿನಚರಿಯನ್ನು, ಅಂದರೆ ಲಾಗ್ ಅನ್ನು, ಮೊದಲು ಓದುತ್ತಾರೆ. ಅದೇ ಪರಿಸ್ಥಿತಿಯನ್ನು ಬೇರೊಂದು ಯಂತ್ರದಲ್ಲಿ ಮತ್ತೆ ಸೃಷ್ಟಿಸಿ, ಅಲ್ಲಿ ಡೀಬಗರ್ ಹಚ್ಚುತ್ತಾರೆ.

ಇದಕ್ಕೆ ನಮಗೆ ತಿಳಿದ ಅತ್ಯುತ್ತಮ ನಿದರ್ಶನ ಭೂಮಿಯ ಮೇಲಿನದ್ದಲ್ಲ. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ಮಂಗಳದ ಮೇಲೆ ಇಳಿಯಿತು. ಕೆಲವು ದಿನಗಳಲ್ಲೇ ಅದರ ಕಂಪ್ಯೂಟರ್ ಪದೇಪದೇ ತಾನಾಗಿ ರೀಸ್ಟಾರ್ಟ್ ಆಗತೊಡಗಿತು. ಸಂಕೇತ ಒಂದು ಕಡೆಗೆ ತಲುಪಲೇ ಹತ್ತು ನಿಮಿಷಕ್ಕೂ ಹೆಚ್ಚು ಬೇಕಿದ್ದ ದೂರ ಅದು. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರುಗಳು ಅಂಥದೇ ಯಂತ್ರವನ್ನು ಭೂಮಿಯಲ್ಲಿ ಓಡಿಸಿ, ಪ್ರತಿ ಹೆಜ್ಜೆಯನ್ನೂ ದಾಖಲಿಸುತ್ತಾ ಅದೇ ತೊಂದರೆ ಮರುಕಳಿಸುವವರೆಗೆ ಕಾದರು.

ಕಾರಣವನ್ನು ಮದುವೆ ಮನೆಯ ಅಡುಗೆಗೆ ಹೋಲಿಸಬಹುದು. ಉಗ್ರಾಣದ ಕೀಲಿ ಒಬ್ಬ ಚಿಕ್ಕ ಹುಡುಗನ ಕೈಲಿದೆ. ಮುಖ್ಯ ಭಟ್ಟರಿಗೆ ಆ ಕೀಲಿ ತುರ್ತಾಗಿ ಬೇಕು. ಹುಡುಗ ತನ್ನ ಕೆಲಸ ಮುಗಿಸಿ ಕೊಡಬೇಕು ಅನ್ನುವಷ್ಟರಲ್ಲಿ ಬಡಿಸುವವರು ‘ಬಾರೋ ಇಲ್ಲಿ, ನೀರು ತಾ’ ಎಂದು ಅವನನ್ನು ಎಳೆದುಕೊಂಡು ಹೋಗುತ್ತಾರೆ. ಭಟ್ಟರು ಕಾಯುತ್ತಲೇ ಇರುತ್ತಾರೆ. ಪಾತ್‌ಫೈಂಡರ್‌ನಲ್ಲಿ ಹವಾಮಾನ ಮಾಹಿತಿ ಸಂಗ್ರಹಿಸುವ ಕಡಿಮೆ ಆದ್ಯತೆಯ ಕೆಲಸ ಆ ಹುಡುಗ. ಮಧ್ಯಮ ಆದ್ಯತೆಯ ಕೆಲಸಗಳು ಬಡಿಸುವವರು. ಯಂತ್ರದ ಭಾಗಗಳ ನಡುವೆ ಮಾಹಿತಿ ಸಾಗಿಸುವ ಅತಿ ಮುಖ್ಯ ಕೆಲಸವೇ ಭಟ್ಟರು. ಮುಖ್ಯ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ ಇಡೀ ಯಂತ್ರವನ್ನೇ ರೀಸ್ಟಾರ್ಟ್ ಮಾಡುತ್ತಿತ್ತು. ಪರಿಹಾರ: ಕೀಲಿ ಕೈಲಿರುವಷ್ಟು ಹೊತ್ತು ಹುಡುಗನಿಗೂ ಭಟ್ಟರ ಅಧಿಕಾರ ಕೊಡುವುದು, ಆಗ ಯಾರೂ ಅವನನ್ನು ಕರೆಯುವಂತಿಲ್ಲ. ಆ ಸೌಲಭ್ಯ ತಂತ್ರಾಂಶದಲ್ಲಿ ಮೊದಲೇ ಇತ್ತು, ಬಳಕೆಗೆ ತಂದಿರಲಿಲ್ಲ. ಎಂಜಿನಿಯರುಗಳು ಭೂಮಿಯಿಂದಲೇ ಅದನ್ನು ಚಾಲೂ ಮಾಡಿದರು. ಡೀಬಗ್ ಮಾಡಲೆಂದು ಇದ್ದ ಸಲಕರಣೆಯನ್ನು ಹಾರಿಸುವ ಮುನ್ನ ತೆಗೆದುಹಾಕಿರಲಿಲ್ಲ.

ಅಲ್ಲಿ ಬಿಟ್ಟದ್ದರಿಂದ ತೊಂದರೆಯೇನೂ ಇರಲಿಲ್ಲ. ಮಂಗಳಕ್ಕೆ ಹೋಗಿ ಕೈ ಹಾಕುವವರು ಯಾರೂ ಇರಲಿಲ್ಲ ನೋಡಿ. ಇಂಟರ್‌ನೆಟ್‌ನಲ್ಲಿ ಹಾಗಲ್ಲ.

ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟುವವರು ಬಳಸುವ ವರ್ಕ್‌ಝಾಯ್ಗ್ ಎಂಬ ತಂತ್ರಾಂಶದಲ್ಲಿ ಒಂದು ಡೀಬಗರ್ ಇದೆ. ಪ್ರೋಗ್ರಾಮ್ ಎಡವಿದಾಗ ಬ್ರೌಸರ್‌ನಲ್ಲೇ ಎರರ್ ಪುಟ ತೆರೆಯುತ್ತದೆ, ಯಾವ ಸಾಲಿನಲ್ಲಿ ತಪ್ಪಾಯಿತು ಎಂದು ತೋರಿಸುತ್ತದೆ, ಪಕ್ಕದಲ್ಲೇ ಆಜ್ಞೆ ಬರೆಯುವ ಜಾಗವನ್ನೂ ಕೊಡುತ್ತದೆ. ಬರೆದದ್ದು ಸರ್ವರ್‌ನಲ್ಲೇ ನಡೆಯುತ್ತದೆ. ಕೋಡ್ ಬರೆಯುವವರಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಆದರೆ ಇದೇ ಪುಟ ಹೊರಗಿನವರ ಕಣ್ಣಿಗೆ ಬಿದ್ದರೆ ಮನೆಯ ಬಾಗಿಲು ತೆರೆದಿಟ್ಟು ಬೀರುವಿನ ಕೀಲಿಯನ್ನೂ ಅಲ್ಲೇ ನೇತುಹಾಕಿದಂತೆ. ಕಲಾವಿದರಿಗೆ ಅಭಿಮಾನಿಗಳಿಂದ ಹಣ ಸಂಗ್ರಹಿಸಿಕೊಡುವ ಪೇಟ್ರಿಯಾನ್‌ನಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಡೀಬಗ್ ಮಾಡಲೆಂದು ಇಟ್ಟುಕೊಂಡಿದ್ದ ಜಾಲತಾಣದ ಪ್ರತಿಯೊಂದು ಸಾರ್ವಜನಿಕರಿಗೂ ಕಾಣುವಂತಿತ್ತು, ಅದರ ಮೂಲಕ ಒಳಹೊಕ್ಕರು ಎಂದು ಕಂಪನಿಯೇ ಹೇಳಿತು. ಡಿಟೆಕ್ಟಿಫೈ ಎಂಬ ಭದ್ರತಾ ಸಂಸ್ಥೆ ಇದಕ್ಕೆ ಕೆಲವೇ ದಿನಗಳ ಮುಂಚೆ ತೆರೆದಿದ್ದ ಡೀಬಗರ್ ಬಗ್ಗೆ ಎಚ್ಚರಿಸಿದ್ದಾಗಿ ತಿಳಿಸಿತು. 23 ಲಕ್ಷಕ್ಕೂ ಹೆಚ್ಚು ಇಮೇಲ್ ವಿಳಾಸಗಳು ಹೊರಬಿದ್ದವು. ಪಾಸ್‌ವರ್ಡ್‌ಗಳನ್ನು ಹಾಗೆಯೇ ಇಡದೆ ಗೂಢರೂಪದಲ್ಲಿ ಇಟ್ಟಿದ್ದರು, ಪೂರ್ತಿ ಕಾರ್ಡ್ ಸಂಖ್ಯೆಗಳನ್ನು ಇಟ್ಟುಕೊಂಡಿರಲಿಲ್ಲ. ಅಷ್ಟರ ಮಟ್ಟಿಗೆ ಅನಾಹುತ ತಪ್ಪಿತು.

ಈ ಕಾರಣಕ್ಕೇ ಸ್ಕ್ರೀನ್‌ಶಾಟ್ ವಿಷಯ ಎತ್ತಿದ್ದು. ‘ಏನೋ ತೊಂದರೆಯಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ’ ಎಂಬ ಸಾದಾ ಪುಟವನ್ನು ಹಂಚಿದರೆ ನಷ್ಟವೇನೂ ಇಲ್ಲ. ಆದರೆ ಸಾಲು ಸಾಲು ಕೋಡ್, ಫೈಲ್‌ಗಳ ಹೆಸರು, ಡೇಟಾಬೇಸ್ ವಿವರ ಕಾಣಿಸುತ್ತಿದ್ದರೆ ಆ ತಾಣದಲ್ಲಿ ಡೀಬಗ್ ಸೌಲಭ್ಯವನ್ನು ತೆರೆದೇ ಬಿಟ್ಟಿರುವ ಸಾಧ್ಯತೆ ಇದೆ. ನಿಮ್ಮ ಫೋನ್ ಸಂಖ್ಯೆ, ನೀವು ಲಾಗಿನ್ ಆಗಿರುವುದಕ್ಕೆ ಗುರುತಾದ ಸಂಕೇತಗಳೂ ಅದೇ ಪುಟದಲ್ಲಿ ಇರಬಹುದು. ಅಂಥದ್ದನ್ನು ಗುಂಪಿಗೆ ಹಾಕಬೇಡಿ, ಆ ತಾಣದವರಿಗೆ ಮಾತ್ರ ಕಳಿಸಿ.

ಹಣ ಕಟ್ಟುವಾಗ ಎರರ್ ಬಂದರೆ ಮತ್ತೊಮ್ಮೆ ಒತ್ತುವ ಮೊದಲು ಖಾತೆ ನೋಡಿಕೊಳ್ಳಿ. ಸರ್ವರ್ ನಿಮ್ಮ ಹಣ ಪಡೆದ ಮೇಲೆ, ಉತ್ತರ ಕೊಡುವ ಮುನ್ನ ಎಡವಿರಲೂಬಹುದು. ದೂರು ಕೊಡುವಾಗ ‘ಬೆಳಗ್ಗೆ ಆಯಿತು’ ಎನ್ನುವುದಕ್ಕಿಂತ ‘10:42ಕ್ಕೆ ಆಯಿತು’ ಎಂದು ಬರೆದು, ವಹಿವಾಟಿನ ಸಂಖ್ಯೆಯನ್ನೂ ಸೇರಿಸಿ. ಲಕ್ಷಾಂತರ ಸಾಲುಗಳ ಲಾಗ್‌ನಲ್ಲಿ ನಿಮ್ಮ ಒಂದು ಸಾಲನ್ನು ಎಂಜಿನಿಯರುಗಳು ಹುಡುಕುವುದು ಇವೆರಡನ್ನು ಹಿಡಿದೇ.