ಸಣ್ಣ ಕಾರಿಗೆ ಹಿಂಬದಿ ಡಿಸ್ಕ್ ಬ್ರೇಕ್: ಹೂಡಿಕೆಯೋ, ಹೊರೆಯೋ?

ವ್ಯಾಪಾರಿಗಳ ಹಾಗೂ ಸಣ್ಣ ಉದ್ಯಮಿಗಳ ದೈನಂದಿನ ವ್ಯವಹಾರದಲ್ಲಿ ಸಣ್ಣ ಕಾರು ಇಂದು ಅನಿವಾರ್ಯ ಸಾಧನವಾಗಿದೆ. ಆಲ್ಟೊ, ವ್ಯಾಗನ್-ಆರ್, ಸ್ವಿಫ್ಟ್ ಮುಂತಾದ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುವುದು ವಾಡಿಕೆ. ಈ ಡ್ರಮ್ಮುಗಳನ್ನು ಕಳಚಿ ಡಿಸ್ಕ್ ಹಾಕಿಸಿದರೆ ಕಾರು ಹೆಚ್ಚು ಸುರಕ್ಷಿತವಾಗುತ್ತದೆ ಎಂಬ ನಂಬಿಕೆ ಮಾಲೀಕರಲ್ಲಿದೆ. ಅದಕ್ಕೆ ಬೇಕಾದ ಸಾಮಗ್ರಿಯನ್ನು ತಯಾರಿಸಿ ಮಾರುವ ಹಂಬಲ ಕೆಲವು ಉತ್ಪಾದಕರಲ್ಲಿಯೂ ಇದೆ. ಭಾವನೆಯನ್ನು ಬದಿಗಿಟ್ಟು ಜಮಾ-ಖರ್ಚಿನ ದೃಷ್ಟಿಯಿಂದ ಪರಿಶೀಲಿಸಿದರೆ, ಈ ಮಾರ್ಪಾಡು ಇಬ್ಬರಿಗೂ ಲಾಭದಾಯಕವಲ್ಲ.

ಡ್ರಮ್ ಹಳೆಯದು, ಡಿಸ್ಕ್ ಹೊಸದು ಎಂಬ ಕಲ್ಪನೆಯೇ ಸರಿಯಲ್ಲ. ಫ್ರಾನ್ಸಿನ ಲೂಯಿ ರೆನೊ ಡ್ರಮ್ ಬ್ರೇಕನ್ನು ರೂಪಿಸಿದ್ದೂ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದೂ 1902ರಲ್ಲಿಯೇ. 1953ರ ಲೆ ಮಾನ್ಸ್ ಪಂದ್ಯದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ ಡಿಸ್ಕಿನ ಕೀರ್ತಿ ಹೆಚ್ಚಿತು. ಗಾಳಿಗೆ ತೆರೆದುಕೊಂಡಿರುವ ಡಿಸ್ಕ್ ಬೇಗ ತಣಿಯುತ್ತದೆ. ಮೇಲಿಂದ ಮೇಲೆ ಬ್ರೇಕ್ ಒತ್ತಿದರೂ ಹಿಡಿತ ಸುಲಭವಾಗಿ ಕುಂದುವುದಿಲ್ಲ. ಈ ಗುಣವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಆ ಗುಣ ಸಣ್ಣ ಕಾರಿನ ಹಿಂದಿನ ಚಕ್ರಕ್ಕೆ ಎಷ್ಟರ ಮಟ್ಟಿಗೆ ಬೇಕು ಎಂಬುದೇ ಪ್ರಶ್ನೆ.

ಉದಾಹರಣೆಗೆ, 1,000 ಕಿಲೋ ತೂಕದ ಕಾರೊಂದರಲ್ಲಿ ನಿಂತಾಗ ಮುಂದಿನ ಚಕ್ರಗಳ ಮೇಲೆ 600, ಹಿಂದಿನ ಚಕ್ರಗಳ ಮೇಲೆ 400 ಕಿಲೋ ಭಾರವಿದೆ ಎಂದಿಟ್ಟುಕೊಳ್ಳೋಣ. ಜೋರಾಗಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ. ಗುರುತ್ವಕೇಂದ್ರ ಅರ್ಧ ಮೀಟರಿಗಿಂತ ತುಸು ಎತ್ತರದಲ್ಲಿದ್ದು, ಚಕ್ರಗಳ ನಡುವಣ ಅಂತರ 2.4 ಮೀಟರ್ ಇದ್ದರೆ, ಸುಮಾರು 180 ಕಿಲೋ ಮುಂದಕ್ಕೆ ವರ್ಗವಾಗುತ್ತದೆ. ಹಿಂದೆ ಉಳಿಯುವುದು 220 ಕಿಲೋ, ಅಂದರೆ ಒಟ್ಟು ಭಾರದ ಐದನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಭಾರಕ್ಕೆ ತಕ್ಕಷ್ಟೇ ಹಿಡಿತವನ್ನು ಟೈರು ಕೊಡಬಲ್ಲದು. ಸುಸ್ಥಿತಿಯ ಡ್ರಮ್ ಅದನ್ನು ಸಲೀಸಾಗಿ ನಿಭಾಯಿಸುತ್ತದೆ. ಅದಕ್ಕೂ ಹೆಚ್ಚಿನ ಶಕ್ತಿಯನ್ನು ಹಿಂದೆ ಹಾಕಿದರೆ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಕಾರು ಗಿರಕಿ ಹೊಡೆಯುವ ಅಪಾಯವಿದೆ. ಸುರಕ್ಷತೆಗೆಂದು ಮಾಡಿದ ವೆಚ್ಚವೇ ಅಪಘಾತಕ್ಕೆ ದಾರಿಯಾಗಬಹುದು.

ಡ್ರಮ್ಮಿನೊಳಗಿನ ಶೂ ತಿರುಗುವ ಡ್ರಮ್ಮಿನ ಸೆಳೆತಕ್ಕೆ ಸಿಕ್ಕಿ ಇನ್ನಷ್ಟು ಬಿಗಿಯಾಗುತ್ತದೆ. ಡಿಸ್ಕಿಗೆ ಈ ಅನುಕೂಲವಿಲ್ಲ. ಆದುದರಿಂದ ಡಿಸ್ಕಿಗೆ ಹೆಚ್ಚಿನ ಒತ್ತಡ ಬೇಕು, ಕ್ಯಾಲಿಪರಿಗೆ ಹೆಚ್ಚು ಬ್ರೇಕ್ ಆಯಿಲ್ ಬೇಕು. ಮಾಸ್ಟರ್ ಸಿಲಿಂಡರ್ ಹಳೆಯದೇ ಆಗಿದ್ದರೆ ಪೆಡಲು ಆಳಕ್ಕಿಳಿಯುತ್ತದೆ. ಡ್ರಮ್ಮಿನೊಂದಿಗೇ ಬಂದಿದ್ದ ಹ್ಯಾಂಡ್ ಬ್ರೇಕಿಗೆ ಬೇರೆ ಏರ್ಪಾಡಾಗಬೇಕು. 2019ರ ಏಪ್ರಿಲ್‌ನಿಂದ ಕಾರುಗಳಲ್ಲಿ ಕಡ್ಡಾಯವಾದ ಎ.ಬಿ.ಎಸ್. ವ್ಯವಸ್ಥೆಯ ಹೊಂದಾಣಿಕೆಯೂ ಮೂಲ ಬ್ರೇಕಿಗೆ ತಕ್ಕಂತೆ ಆಗಿರುತ್ತದೆ. ಇವೆಲ್ಲವನ್ನೂ ಪರೀಕ್ಷಿಸಲು ಕಾರು ತಯಾರಕರಿಗೆ ಪ್ರಯೋಗಾಲಯಗಳಿವೆ. ಬೀದಿಯ ಗ್ಯಾರೇಜಿಗೆ ಇಲ್ಲ.

ಕಾನೂನಿನ ಅಂಶ ಇನ್ನೂ ಗಂಭೀರವಾದುದು. ಆರ್.ಸಿ. ಪುಸ್ತಕದಲ್ಲಿ ಬ್ರೇಕಿನ ಬಗೆ ನಮೂದಾಗಿಲ್ಲ, ಆದ್ದರಿಂದ ತೊಂದರೆಯಿಲ್ಲ ಎಂಬ ವಾದ ಕೇಳಿಬರುವುದುಂಟು. ಆದರೆ ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯ ಮೂಲಕ ಸೇರಿದ 182ಎ ಕಲಂ, ನಿಯಮಗಳು ಅನುಮತಿಸದ ರೀತಿಯಲ್ಲಿ ಬಿಡಿಭಾಗ ಅಳವಡಿಸುವ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ಗೊತ್ತುಪಡಿಸಿತು. ನಿರ್ಣಾಯಕ ಸುರಕ್ಷತಾ ಭಾಗವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವು ನಿಯಮಕ್ಕೆ ಹೊಂದದಿದ್ದರೆ, ಅದನ್ನು ಮಾರುವವರಿಗೆ ಅದೇ ಕಲಮಿನಲ್ಲಿ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗಿನ ಸೆರೆವಾಸವಿದೆ. ನೂರು ಜೊತೆ ಮಾರಿದ ಸಣ್ಣ ಕಾರ್ಖಾನೆಯ ಹೊಣೆ ಎಲ್ಲಿಗೆ ಮುಟ್ಟೀತೆಂಬುದನ್ನು ಉದ್ಯಮಿಗಳೇ ಗುಣಿಸಿ ನೋಡಬಹುದು.

ತೆರಿಗೆಯ ಲೆಕ್ಕವೂ ಪ್ರೋತ್ಸಾಹದಾಯಕವಲ್ಲ. ಸ್ವಂತ ವ್ಯವಹಾರಕ್ಕೆ ಬಳಸುವ ಕಾರಿನ ದುರಸ್ತಿ ಸೇವೆಗೆ ತೆತ್ತ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚ ಮಾತ್ರ ಚಾಲ್ತಿ ದುರಸ್ತಿಯೆಂದೂ, ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ವೆಚ್ಚ ಹಾಗಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಅದರಂತೆ, ಸವೆದ ಶೂ ಬದಲಿಸಿದ ಖರ್ಚು ಆ ವರ್ಷವೇ ಕಳೆಯುತ್ತದೆ. ಡಿಸ್ಕ್ ಹಾಕಿಸಿದ ಖರ್ಚು ಬಂಡವಾಳ ವೆಚ್ಚವೆನಿಸಿ ಸವಕಳಿಯ ಮೂಲಕ ನಿಧಾನವಾಗಿ ಕರಗುವ ಸಂಭವವೇ ಹೆಚ್ಚು. ತಿಳಿಸದೆ ಮಾಡಿದ ಮಾರ್ಪಾಡನ್ನು ಮುಂದಿಟ್ಟುಕೊಂಡು ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯಲು ಅವಕಾಶ ಕೊಡುವುದಂತೂ ಜಾಣತನವಲ್ಲ.

ಭಾರ ಹೇರಿಕೊಂಡು ಶಿರಾಡಿ, ಚಾರ್ಮಾಡಿಯಂತಹ ಘಾಟಿಗಳನ್ನು ನಿತ್ಯ ಇಳಿಯುವವರಿಗೆ ಬ್ರೇಕ್ ಕಾಯುವ ಆತಂಕ ಸಹಜ. ಅದಕ್ಕೆ ಮೊದಲ ಮದ್ದು ಕೆಳ ಗೇರಿನಲ್ಲಿ ಇಳಿಯುವುದು. ನಾಲ್ಕೂ ಡಿಸ್ಕ್ ಬೇಕೇ ಬೇಕೆನ್ನುವವರು ತಯಾರಕರೇ ಹಾಗೆ ರೂಪಿಸಿದ ಕಾರನ್ನು ಕೊಳ್ಳುವುದು ಲೇಸು. ಉಳಿದವರಿಗೆ ಒಳ್ಳೆಯ ಟೈರು, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾವಣೆ, ಸಕಾಲದಲ್ಲಿ ಶೂ ಮತ್ತು ವೀಲ್ ಸಿಲಿಂಡರ್ ತಪಾಸಣೆ, ಇಷ್ಟರಲ್ಲೇ ಹೆಚ್ಚಿನ ಸುರಕ್ಷತೆ ಕಡಿಮೆ ಹಣಕ್ಕೆ ದಕ್ಕುತ್ತದೆ.

ಡ್ರಮ್ಮಿನ ಕಾಲ ಮುಗಿಯಿತೆಂದು ಬೆಳಗಾವಿಯ ಫೌಂಡ್ರಿಗಳಾಗಲಿ, ಪೀಣ್ಯದ ಯಂತ್ರಾಗಾರಗಳಾಗಲಿ ಎದೆಗುಂದಬೇಕಿಲ್ಲ. ಫೋಕ್ಸ್‌ವ್ಯಾಗನ್ ತನ್ನ ಐಡಿ.4 ವಿದ್ಯುತ್ ಕಾರಿನ ಹಿಂದಿನ ಚಕ್ರಗಳಿಗೆ ಡ್ರಮ್ಮನ್ನೇ ಅಳವಡಿಸಿತು. ಮೋಟರೇ ವೇಗ ತಗ್ಗಿಸುವ ಕಾರಿನಲ್ಲಿ ಬ್ರೇಕಿನ ಬಳಕೆ ಕಡಿಮೆ, ಮುಚ್ಚಿದ ಡ್ರಮ್ಮಿಗೆ ತುಕ್ಕಿನ ಕಾಟವೂ ಕಡಿಮೆ. ಬ್ರೇಕಿನ ಧೂಳಿಗೂ ಮಿತಿ ಹೇರುವ ಯುರೋ 7 ನಿಯಮವನ್ನು ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದೆ. ಧೂಳನ್ನು ಒಳಗೇ ಹಿಡಿದಿಡುವ ಡ್ರಮ್ಮಿಗೆ ಇದೂ ಅನುಕೂಲವೇ. ಅನುಮೋದನೆಯಿಲ್ಲದ ಮಾರ್ಪಾಡು ಸಾಮಗ್ರಿಗೆ ಬಂಡವಾಳ ಸುರಿಯುವ ಬದಲು, ಮಾನಕಕ್ಕೆ ತಕ್ಕ ಡ್ರಮ್, ಶೂ, ಲೈನರುಗಳ ತಯಾರಿಕೆಗೆ ಅದನ್ನು ತೊಡಗಿಸುವುದೇ ವಿವೇಕದ ವ್ಯವಹಾರ.