ಒಂದು ಸಮುದಾಯವನ್ನು ಹೀಯಾಳಿಸುವ ಅಭ್ಯರ್ಥಿ ಮತ್ತು ಮತದಾರರ ಹೊಣೆ: ಮನವಿ ಪತ್ರ

ಇವರಿಗೆ,
ಮುಖ್ಯ ಚುನಾವಣಾಧಿಕಾರಿಗಳು,
ಕರ್ನಾಟಕ, ಬೆಂಗಳೂರು

ವಿಷಯ: ಅಭ್ಯರ್ಥಿಗಳ ದ್ವೇಷದ ನಡೆನುಡಿಯ ಬಗ್ಗೆ ಮತದಾರರಿಗೆ ಮಾಹಿತಿ ಮತ್ತು ತಿಳಿವಳಿಕೆ ನೀಡುವ ಕುರಿತು.

ಮಾನ್ಯರೇ,

ಪ್ರತಿವರ್ಷ ಜನವರಿ 25ರ ಮತದಾರರ ದಿನದಂದು ಶಾಲೆ, ಕಚೇರಿಗಳಲ್ಲಿ ನಾವು ಪ್ರತಿಜ್ಞೆ ಸ್ವೀಕರಿಸುತ್ತೇವೆ. ಧರ್ಮ, ಜಾತಿ, ಭಾಷೆಗಳ ಪ್ರಭಾವಕ್ಕೂ ಆಮಿಷಕ್ಕೂ ಒಳಗಾಗದೆ ಮತ ಹಾಕುವ ಮಾತು ಕೊಡುತ್ತೇವೆ. ಆದರೆ ಸ್ವಜಾತಿಯವನೆಂದು ಮತ ಹಾಕಲು ಹಿಂಜರಿಯುವವರೂ ಇನ್ನೊಂದು ಜಾತಿಯನ್ನೋ ಧರ್ಮವನ್ನೋ ಹೀಯಾಳಿಸುವವರಿಗೆ ಅಳುಕಿಲ್ಲದೆ ಮತ ಹಾಕುತ್ತಾರೆ. “ಮಾತು ಒರಟು, ಆದ್ರೆ ಕೆಲಸ ಮಾಡ್ತಾನೆ” ಎಂಬ ಸಮಾಧಾನ ಊರೂರ ಕಟ್ಟೆಗಳಲ್ಲಿ ಕೇಳಿಬರುತ್ತದೆ.

ಈ ಸಮಾಧಾನವನ್ನು ನಾವು ಒಪ್ಪುವುದಿಲ್ಲ. ಗೆದ್ದವರ ಕೈಯಲ್ಲೇ ಬಡವರ ಅರ್ಜಿಗಳಿರುತ್ತವೆ: ಸರ್ಕಾರಿ ಭೂಮಿಯ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು. ಹತ್ತಾರು ವರ್ಷ ಉಳುತ್ತ ಬಂದ ತುಂಡು ಭೂಮಿ ಒಬ್ಬ ಬಡವನ ಹೆಸರಿಗೆ ಆಗುತ್ತದೋ ಇಲ್ಲವೋ ಎಂಬುದು ಆ ಮೇಜಿನ ಮೇಲೆ ತೀರ್ಮಾನವಾಗುತ್ತದೆ. ಪ್ರದೇಶಾಭಿವೃದ್ಧಿ ನಿಧಿ ಯಾವ ಕೇರಿಯ ಚರಂಡಿಗೆ ಹೋಗಬೇಕು ಎಂಬುದರಲ್ಲೂ ಶಾಸಕರ ಮಾತೇ ನಡೆಯುತ್ತದೆ. ವೇದಿಕೆಯ ಮೇಲೆ ಒಂದು ಸಮುದಾಯವನ್ನೇ ಹಳಿದವರು, ಅದೇ ಸಮುದಾಯದ ವಿಧವೆಯೊಬ್ಬರ ಅರ್ಜಿಯನ್ನು ಸಮಚಿತ್ತದಿಂದ ನೋಡುತ್ತಾರೆಂದು ನಂಬುವುದು ಹೇಗೆ? ಆಕೆಗೆ ಅನ್ಯಾಯವಾದರೆ, ಗೊತ್ತಿದ್ದೂ ಗೆಲ್ಲಿಸಿದ ನಮಗೂ ಅದರಲ್ಲಿ ಪಾಲಿದೆ. ನಮ್ಮ ಬೀದಿಗೆ ಡಾಂಬರು ಬಿತ್ತೆಂದು ಆ ಪಾಲು ಕಳೆದುಹೋಗುವುದಿಲ್ಲ.

ಕಾನೂನು ಇದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 123(3ಎ) ಕಲಮಿನ ಪ್ರಕಾರ ಇಂಥ ದ್ವೇಷ ಬಿತ್ತುವುದು ಭ್ರಷ್ಟ ಆಚರಣೆ. 125ನೇ ಕಲಮಿನಡಿ 3 ವರ್ಷದವರೆಗೆ ಜೈಲು. 2019ರ ಏಪ್ರಿಲ್‌ನಲ್ಲಿ ಚುನಾವಣಾ ಆಯೋಗವು ಕೆಲವು ನಾಯಕರ ಪ್ರಚಾರವನ್ನು 48ರಿಂದ 72 ಗಂಟೆ ತಡೆದಿತ್ತು. ಆದರೆ ಇವೆಲ್ಲ ಚುನಾವಣೆಗೆ ಸಂಬಂಧಿಸಿದ ಮಾತಿಗೆ. ಅದಕ್ಕೂ ಮುಂಚೆ ವರ್ಷಗಟ್ಟಲೆ ಆಡಿದ ಮಾತು ಮೊಕದ್ದಮೆಯಾಗದಿದ್ದರೆ ಅಭ್ಯರ್ಥಿ ಸಲ್ಲಿಸುವ ಪ್ರಮಾಣಪತ್ರದಲ್ಲಿ ಕಾಣುವುದೇ ಇಲ್ಲ. ಅದನ್ನು ನೆನಪಿಟ್ಟು ತೂಗಬೇಕಾದವರು ಮತದಾರರೇ.

ಯಾರಿಗೆ ಮತ ಹಾಕಬಾರದೆಂದು ತಾವು ಹೇಳಬೇಕೆಂಬುದು ನಮ್ಮ ಬೇಡಿಕೆಯಲ್ಲ. ಅದು ತಮ್ಮ ಕೆಲಸವೂ ಅಲ್ಲ. ನಾವು ಕೇಳುವುದು ಇಷ್ಟು. ನಮೂನೆ 26ರ ಪ್ರಮಾಣಪತ್ರದಲ್ಲಿ ದ್ವೇಷ ಭಾಷಣದ ಮೊಕದ್ದಮೆಗಳಿದ್ದರೆ, ಆರೋಪ ಏನೆಂಬುದನ್ನು ತಿಳಿಗನ್ನಡದಲ್ಲಿ ಬರೆಸಿ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಮತದಾನಕ್ಕೆ ಸಾಕಷ್ಟು ಮೊದಲೇ ಹಾಕಿಸಬೇಕು. ಬರೀ ಕಲಮಿನ ಸಂಖ್ಯೆ ನೋಡಿ ಅಪರಾಧ ತಿಳಿಯುವವರು ಹಳ್ಳಿಯಲ್ಲಿ ಸಿಗುವುದು ಕಷ್ಟ. ಚುನಾವಣಾ ಆಯೋಗದ ‘ಸ್ವೀಪ್’ ಮತದಾರರ ಜಾಗೃತಿ ಕಾರ್ಯಕ್ರಮಗಳು ಮತದಾನದ ಪ್ರಮಾಣ ಹೆಚ್ಚಿಸುವುದಕ್ಕೇ ಸೀಮಿತವಾಗದೆ, ಅಭ್ಯರ್ಥಿಯು ನೆರೆಹೊರೆಯವರ ಬಗ್ಗೆ ಆಡುವ ಮಾತನ್ನು ವಿಚಾರಿಸಿ ಮತ ಹಾಕಲು ಕಲಿಸಬೇಕು. ಕಾಲೇಜುಗಳ ಮತದಾರರ ಸಾಕ್ಷರತಾ ಸಂಘಗಳಲ್ಲಿ ಇದು ಚರ್ಚೆಯ ವಿಷಯವಾಗಬೇಕು. ದ್ವೇಷ ಭಾಷಣದ ದೂರುಗಳ ಮೇಲೆ ಏನು ಕ್ರಮವಾಯಿತೆಂಬುದನ್ನು ಮತದಾನಕ್ಕೆ ಮೊದಲೇ ಪ್ರಕಟಿಸಬೇಕು. ಫಲಿತಾಂಶ ಬಂದ ಮೇಲೆ ತಿಳಿದರೆ ಮತದಾರರಿಗೆ ಉಪಯೋಗವಿಲ್ಲ.

ನಮ್ಮ ಹೊಣೆಯನ್ನು ನಾವು ತಮ್ಮ ಮೇಲೆ ಹೊರಿಸುತ್ತಿಲ್ಲ. ಮನೆ ಬಾಗಿಲಿಗೆ ಬರುವ ಪ್ರತಿ ಅಭ್ಯರ್ಥಿಯನ್ನೂ, ಅದರಲ್ಲೂ ಮೊದಲು ನಮ್ಮ ಸ್ವಂತ ಸಮುದಾಯದವರನ್ನು, ಅವರ ಮಾತುಗಳ ಬಗ್ಗೆ ನಾಲ್ಕು ಜನರ ಮುಂದೆ ಪ್ರಶ್ನಿಸುತ್ತೇವೆ. ಯಾರೂ ಯೋಗ್ಯರೆನಿಸದಿದ್ದರೆ 2013ರಿಂದ ನೋಟಾ ಇದೆ. ಅದರಿಂದ ಯಾರೂ ಸೋಲುವುದಿಲ್ಲವೆಂದು ತಿಳಿದೂ ಅದನ್ನೇ ಒತ್ತುತ್ತೇವೆ.

ಮುಂದಿನ ಚುನಾವಣೆಯ ಅಧಿಸೂಚನೆ ಹೊರಬೀಳುವ ಮುನ್ನ ತಮ್ಮ ನಿರ್ಧಾರವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು,
ಕೆಳಗೆ ಸಹಿ ಮಾಡಿರುವ ಮತದಾರರು